ಬೀಜದ ಕಂಟೇನರು, ಭಾವನ ಹೆಸರು

ಕುಂಬಳೆ ಪೇಟೆಯಲ್ಲಿ ಯಾರಾದರೂ ‘ಈಗ ಎಂತ ಕೆಲಸ?’ ಎಂದು ಕೇಳಿದಾಗ ‘ಸರ್ವೇಯರ್’ ಎಂದು ಹೇಳಿ ನಾನು ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ. ಹೇಳಿದ್ದೇ ತಡ, ಅವರ ಹಿತ್ತಲಿನ ಗಡಿಕಲ್ಲು, ನೆರೆಯವನು ಒತ್ತಿಕೊಂಡ ಎರಡು ಸೆಂಟ್ಸ್ ಜಾಗ, ದಸ್ತಾವೇಜಿನ ನಂಬರು ಬೇರೆ ಸ್ಕೆಚ್ಚಿನ ನಂಬರು ಬೇರೆ ಎಂಬ ಪುರಾಣ ಎಲ್ಲ ಬಿಚ್ಚಿಕೊಳ್ಳುತ್ತದೆ. ಸರಕಾರದ ಡಿಜಿಟಲ್ ರೀಸರ್ವೆ ಶುರುವಾದ ಮೇಲಂತೂ ಮದುವೆ ಊಟದ ಪಂಕ್ತಿಯಲ್ಲೂ ಬಿಡುಗಡೆ ಇಲ್ಲ. ‘ಅದಲ್ಲ, ನನ್ನದು ಹಡಗಿನ ಸರಕಿನ ಸರ್ವೆ’ ಎಂದರೆ ಒಮ್ಮೆ ಒಬ್ಬರು ಅಜ್ಜ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು: ‘ಹಡಗಿಗೂ ಗಡಿಕಲ್ಲು ಉಂಟಾ ಮಗಾ?’

ಉಂಟು ಅಂದೆ. ಹಡಗಿನ ಹೊಟ್ಟೆಯ ಎರಡೂ ಬದಿಗೆ ಒಂದು ವೃತ್ತ, ಅದನ್ನು ಸೀಳಿದ ಹಾಗೆ ಒಂದು ಅಡ್ಡಗೆರೆ. ಆ ಗೆರೆ ಮುಳುಗುವಷ್ಟು ಭಾರ ಹೇರಬಾರದು. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಇಂಗ್ಲೆಂಡಿನ ಸಂಸದ ಹಟ ಹಿಡಿದು ಕೂತದ್ದರಿಂದ 1876ರಲ್ಲಿ ಅಲ್ಲಿ ಅದು ಕಾನೂನಾಯಿತು. ಅದಕ್ಕೆ ಮೊದಲು ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯದಲ್ಲಿ ಹಳೆಯ ಹಡಗುಗಳಿಗೆ ಮೂಗಿನ ಮಟ್ಟ ತುಂಬಿಸಿ ಕಳಿಸುವ ಮಾಲೀಕರಿದ್ದರು. ಅಜ್ಜ ಪೂರ್ತಿ ಕೇಳಿ, ‘ಹಾಗಾದರೆ ಮನುಷ್ಯ ಎಲ್ಲ ಕಡೆ ಒಂದೇ’ ಎಂದು ಮತ್ತೆ ಜಗಿಯತೊಡಗಿದರು.

ನಾನು ಈ ಕೆಲಸಕ್ಕೆ ಬಂದದ್ದು ಕಡಲಿನ ಮೋಹದಿಂದ ಅಲ್ಲ. ಮನೆಯಿಂದ ಕಡಲು ಎರಡು ಕಿಲೋಮೀಟರ್ ದೂರ ಇದ್ದರೂ ನಮ್ಮದು ಅಡಿಕೆ, ತೆಂಗಿನ ಮನೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಮಂಗಳೂರಿನ ಒಂದು ವಾಹನ ವರ್ಕ್‌ಶಾಪಿನಲ್ಲಿದ್ದೆ. ಅಪಘಾತವಾದ ಕಾರು ಬಂದಾಗ ನಷ್ಟದ ಲೆಕ್ಕ ಹಾಕಲು ಇನ್ಶೂರೆನ್ಸಿನ ಸರ್ವೇಯರ್ ಬಂದು ಫೋಟೊ ತೆಗೆದು, ಬಂಪರ್ ತಟ್ಟಿ, ಬರೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬರು ಒಂದು ದಿನ, ‘ಕಾರು ನೋಡುವವರು ರಾಶಿ ಇದ್ದಾರೆ, ಪಣಂಬೂರು ಬಂದರಿನಲ್ಲಿ ಸರಕು ನೋಡುವವರು ಕಡಿಮೆ, ಕಲಿತರೆ ಆಗಬಹುದು’ ಎಂದು ಒಬ್ಬರ ನಂಬರ್ ಕೊಟ್ಟರು. ಆ ನಂಬರಿನವರು ನನ್ನ ಗುರುಗಳಾದರು. ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿ ಇಳಿದವರು. ಹಲ್ಲಿಗೂ ಕಾರ್ಗೋಗೂ ಲೈಸೆನ್ಸ್ ಇತ್ತು. ಹಲ್ ಎಂದರೆ ಹಡಗಿನ, ದೋಣಿಯ ಮೈ. ಕಾರ್ಗೊ ಎಂದರೆ ಅದರೊಳಗಿನ ಸರಕು. ಹಲ್ ನೋಡಲು ಹಡಗಿನದೇ ಓದು, ಕಡಲ ಮೇಲೆ ಇದ್ದ ಅನುಭವ ಬೇಕು. ನನ್ನಂಥ ನೆಲದವನಿಗೆ ದಾರಿ ಇದ್ದದ್ದು ಕಾರ್ಗೋಗೆ.

ಒಂದು ವರ್ಷದ ತರಬೇತಿ. ಹೆಸರು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯಲ್ಲಿ ನೋಂದಾಯಿಸಬೇಕು, ಸರ್ವೇಯರುಗಳ ಸಂಸ್ಥೆಯಲ್ಲಿ ವಿದ್ಯಾರ್ಥಿ ಸದಸ್ಯತ್ವ ತೆಗೆದುಕೊಳ್ಳಬೇಕು, ಹಿರಿಯ ಸರ್ವೇಯರ್ ಒಬ್ಬರ ಹಿಂದೆ ಹನ್ನೆರಡು ತಿಂಗಳು ಹೋಗಬೇಕು, ಕಂಡದ್ದನ್ನು ಬರೆದು ಒಪ್ಪಿಸಬೇಕು. 2019ರ ಮಳೆಗಾಲ ಮುಗಿದ ಮೇಲೆ ನಾನು ಹೊರಟೆ. ಬೆಳಿಗ್ಗೆ ಕುಂಬಳೆಯಿಂದ ಮಂಗಳೂರಿನ ರೈಲು, ಅಲ್ಲಿಂದ ಬಸ್ಸು, ಪಣಂಬೂರಿನ ಗೇಟಿನಲ್ಲಿ ಪಾಸು. ಸಂಬಳ ಇಲ್ಲ. ಅಪ್ಪ ಒಮ್ಮೆಯೂ ಬೇಡ ಅನ್ನಲಿಲ್ಲ, ಆದರೆ ಅಡಿಕೆ ಸುಲಿಯುವವರ ಎದುರು ‘ಇವನದ್ದು ಈಗ ಮತ್ತೆ ಶಾಲೆ’ ಎಂದು ಹೇಳುವುದನ್ನು ಬಿಡಲೂ ಇಲ್ಲ.

ಮೊದಲ ತಿಂಗಳಲ್ಲೇ ಮಂಜೇಶ್ವರದ ಬಂದರಿನಲ್ಲಿ ಒಂದು ಫೈಬರ್ ದೋಣಿ ನೋಡಲು ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಳಿವೆಯ ಮರಳದಿಬ್ಬಕ್ಕೆ ತಾಗಿದ ದೋಣಿ. ಮಾಲೀಕರಾದ ಇಕ್ಕ ಹೊರಗಿನ ಗೀರು ತೋರಿಸುತ್ತ, ‘ಇಷ್ಟೇ, ಬೇರೆ ಎಂತ ಆಗ್ಲಿಲ್ಲ’ ಎಂದು ಹೇಳುತ್ತಿದ್ದರು. ಗುರುಗಳು ಕಿಸೆಯಿಂದ ಒಂದು ಸಣ್ಣ ಸುತ್ತಿಗೆ ತೆಗೆದು ದೋಣಿಯ ಅಡಿಯಿಂದ ಅಂಚಿನವರೆಗೆ ಗೇಣಿಗೊಂದರಂತೆ ಮೆಲ್ಲ ಬಡಿಯುತ್ತ ಹೋದರು. ಟಣ್, ಟಣ್, ಟಣ್. ಒಂದು ಕಡೆ ದಬ್ ಎಂದಿತು. ನಿಂತರು, ಸುತ್ತ ಬಡಿದರು, ಸೀಮೆಸುಣ್ಣದಲ್ಲಿ ಒಂದು ಗೋಣಿ ಅಗಲದ ಗೆರೆ ಎಳೆದರು. ಮೇಲೆ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಒಳಗೆ ಫೈಬರಿನ ಪದರಗಳು ಒಂದನ್ನೊಂದು ಬಿಟ್ಟಿದ್ದವು. ಹಲಸಿನಕಾಯಿ ಬಡಿದು ಬೆಳೆದಿದೆಯೋ ಇಲ್ಲವೋ ಹೇಳುವ ನಮ್ಮ ಅಜ್ಜಿಯ ಕೈ ನೆನಪಾಗಿ ಅದನ್ನು ಹೇಳಿದೆ. ‘ಅದೇ ವಿದ್ಯೆ. ಆದರೆ ಅಜ್ಜಿ ರಿಪೋರ್ಟ್ ಬರೆಯಬೇಕಾಗಿರಲಿಲ್ಲ’ ಎಂದರು. ಹೊರಗಿನ ಗೀರಿಗಿಂತ ಎಷ್ಟೋ ಪಾಲು ದೊಡ್ಡ ರಿಪೇರಿ ಆ ದಿನ ಪಟ್ಟಿಗೆ ಸೇರಿತು. ಸರ್ವೇಯರ್ ಎಂದರೆ ಇನ್ಶೂರೆನ್ಸ್ ಕಂಪೆನಿಯ ಪರವಾಗಿ ಕಡಿತ ಮಾಡುವವನು ಅಂದುಕೊಂಡಿದ್ದ ಇಕ್ಕ, ಹೊರಡುವಾಗ ಗುರುಗಳ ಕೈ ಬಿಡಲೇ ಇಲ್ಲ.

ಹಡಗಿನ ಡ್ರಾಫ್ಟ್ ಸರ್ವೆ ಅದಕ್ಕೆ ತದ್ವಿರುದ್ಧ. ಅಲ್ಲಿ ಬಡಿಯುವುದಿಲ್ಲ, ಕಾಯುವುದು. ಕಲ್ಲಿದ್ದಲು ತುಂಬಿ ಬಂದ ಹಡಗಿನಲ್ಲಿ ಎಷ್ಟು ಟನ್ ಇದೆ ಎಂದು ತಕ್ಕಡಿಗೆ ಹಾಕಿ ನೋಡಲು ಆಗುವುದಿಲ್ಲವಲ್ಲ. ಹಡಗು ನೀರಿನಲ್ಲಿ ಎಷ್ಟು ಇಳಿದಿದೆ ಎಂಬುದರಿಂದ ಲೆಕ್ಕ, ಆ ಇಳಿತವೇ ಡ್ರಾಫ್ಟ್. ಮುಂದೆ, ನಡುವೆ, ಹಿಂದೆ, ಎರಡೂ ಬದಿ ಸೇರಿ ಆರು ಕಡೆ ಅಂಕೆಗಳನ್ನು ಓದಬೇಕು. ಒಂದೊಂದು ಅಂಕೆ 10 ಸೆಂಟಿಮೀಟರ್ ಎತ್ತರ, ಅದರ ಬುಡಕ್ಕೆ ನೀರು ತಾಗಿದರೆ ಅಷ್ಟು ಡ್ರಾಫ್ಟ್. ಅಲೆ ಏರಿಳಿಯುವಾಗ ಸಣ್ಣ ದೋಣಿಯಲ್ಲಿ ಕೂತು ಅದರ ಸರಾಸರಿ ಹಿಡಿಯುವುದು ನೋಡುವಷ್ಟು ಸುಲಭವಲ್ಲ. ದೊಡ್ಡ ಹಡಗಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿ ಓದಿದರೆ 60 ಟನ್ನಿನ ಆಸುಪಾಸು ಆಚೀಚೆ ಆಗುತ್ತದೆ. ಆಮೇಲೆ ಬಂದರಿನ ನೀರು ಬಕೆಟಿನಲ್ಲಿ ಎತ್ತಿ ಹೈಡ್ರೋಮೀಟರ್ ಇಳಿಸಬೇಕು. ಕಡಲ ನೀರಿನ ಸಾಂದ್ರತೆ 1.025, ಸಿಹಿನೀರು ಬೆರೆತಷ್ಟೂ ಅದು ಹಗುರ, ಹಡಗು ತಗ್ಗು. ಅದರ ಮೇಲೆ ಹಡಗಿನ ಟ್ಯಾಂಕುಗಳಲ್ಲಿರುವ ನೀರು, ಎಣ್ಣೆ ಎಲ್ಲ ಅಳೆದು ಕಳೆಯಬೇಕು. ಇಷ್ಟೆಲ್ಲ ಜಾಗ್ರತೆ ಮಾಡಿದರೂ ಶೇಕಡಾ ಅರ್ಧದಷ್ಟು ವ್ಯತ್ಯಾಸ ಸಹಜ ಎಂದು ಕಸುಬಿನವರು ಒಪ್ಪಿಕೊಂಡಿದ್ದಾರೆ. 50 ಸಾವಿರ ಟನ್ನಿಗೆ ಅದು 250 ಟನ್. ನಮ್ಮ ಮನೆಯಲ್ಲಿ ಹತ್ತು ಕಿಲೋ ಅಡಿಕೆಯ ತೂಕ ಹೆಚ್ಚುಕಡಿಮೆಯಾದರೆ ಆಗುವ ಜಗಳ ನೆನೆದು ನಾನು ಲೆಕ್ಕದ ಪುಸ್ತಕ ಮುಚ್ಚಿಟ್ಟೆ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ರಾಶಿ ಹಾಕಿದರು. ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆಗೇ ಹೋಗಲು ಆಗದ ದಿನಗಳು. ನನ್ನ ತರಬೇತಿಯ ಮಾತನ್ನು ಯಾರು ಕೇಳುತ್ತಾರೆ? ಗುರುಗಳು ಆಚೆ, ನಾನು ಈಚೆ. ಅವರು ವಾಟ್ಸಾಪಿನಲ್ಲಿ ಹಳೆಯ ಸರ್ವೆಗಳ ಫೋಟೊ ಕಳಿಸಿ ‘ಇದರಲ್ಲಿ ತಪ್ಪೇನು ಹೇಳು’ ಎನ್ನುತ್ತಿದ್ದರು. ಓದಲು ಹೊತ್ತು ಸಿಕ್ಕಿತು. ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಸರ್ವೇಯರ್ ಪರೀಕ್ಷೆಯಲ್ಲಿ ಮೂಲತತ್ತ್ವಗಳ ಪೇಪರು ಎಲ್ಲರಿಗೂ ಒಂದೇ, ಆಮೇಲೆ ಅವರವರ ವಿಭಾಗದ್ದು. ಮೆರೈನ್ ಪೇಪರಿನಲ್ಲಿ ಮೊದಲ ಸಲ ಬಿದ್ದೆ. 1963ರ ಮೆರೈನ್ ಇನ್ಶೂರೆನ್ಸ್ ಕಾಯ್ದೆಯ ವಾಕ್ಯಗಳು ಒಂದೊಂದೂ ಕಂಗಿನ ಸೋಗೆಯಷ್ಟು ಉದ್ದ. ಎರಡನೇ ಸಲಕ್ಕೆ ದಾಟಿದೆ. 2021ರ ಕೊನೆಗೆ ಲೈಸೆನ್ಸ್ ಬಂತು, ಮೂರು ವರ್ಷಕ್ಕೆ.

ಈ ನಡುವೆ ನಾನು ಸದಸ್ಯನಾದ ಸಂಸ್ಥೆಯ ಪೂರ್ತಿ ಹೆಸರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಇನ್ಶೂರೆನ್ಸ್ ಸರ್ವೇಯರ್ಸ್ ಆ್ಯಂಡ್ ಲಾಸ್ ಅಸೆಸರ್ಸ್. ಬಾಯಿತುಂಬ ಹೇಳುವಷ್ಟರಲ್ಲಿ ರೈಲು ಉಪ್ಪಳ ದಾಟಿರುತ್ತದೆ. 2005ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ ಮುಂದೆ ನಿಂತು ಹುಟ್ಟಿಸಿದ್ದು, ಕೇಂದ್ರ ಹೈದರಾಬಾದಿನಲ್ಲಿ. ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಎಂದು ಮೂರು ಮೆಟ್ಟಿಲು. ನಾನು ಕೆಳಗಿನದರಲ್ಲಿ.

ನಿಜ ಹೇಳಬೇಕೆಂದರೆ ಆ ಸದಸ್ಯತ್ವವನ್ನು ನಾನು ಕೊಡಬೇಕಾದ ಒಂದು ಫೀಸು ಎಂದಷ್ಟೇ ನೋಡಿದ್ದೆ. ಕಾಸರಗೋಡಿನ ಕನ್ನಡಿಗನಿಗೆ ಸಂಘಗಳ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯುವಕ ಮಂಡಲ, ಭಜನಾ ಸಂಘ, ಯಕ್ಷಗಾನ ಸಂಘ, ಕನ್ನಡದ ಹೋರಾಟಕ್ಕೆ ಒಂದು, ಆ ಹೋರಾಟದವರೊಳಗೆ ಮನಸ್ತಾಪವಾದರೆ ಇನ್ನೊಂದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಕಡೆಗೆ ಖಾಲಿ ಕುರ್ಚಿಗಳಿಗೆ ಧನ್ಯವಾದ. ಇದೂ ಅಂಥದ್ದೇ, ಇಂಗ್ಲಿಷಿನಲ್ಲಿ ನಡೆಯುತ್ತದೆ ಅಷ್ಟೇ ಅಂದುಕೊಂಡಿದ್ದೆ. ಗುರುಗಳು ಮಾತ್ರ ಅದಲ್ಲದೆ ಇನ್ನೊಂದರಲ್ಲೂ ಇದ್ದರು, 1991ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಇಂಟರ್‌ನ್ಯಾಶನಲ್ ಇನ್‌ಸ್ಟಿಟ್ಯೂಟ್ ಆಫ್ ಮೆರೈನ್ ಸರ್ವೇಯಿಂಗ್. ‘ಎರಡೆರಡು ಯಾಕೆ ಸಾರ್?’ ಎಂದು ಕೇಳಿದ್ದೆ. ‘ನಷ್ಟದ ಸರ್ವೆಗೆ ಇಲ್ಲಿಯ ಲೈಸೆನ್ಸ್ ಬೇಕು. ಡ್ರಾಫ್ಟ್ ಸರ್ವೆಗೆ, ಹಡಗು ಬಾಡಿಗೆಗೆ ಕೊಡುವಾಗ ತಗೊಳ್ಳುವಾಗ ನೋಡುವ ಸರ್ವೆಗೆ ಆ ಲೈಸೆನ್ಸಿನ ಮಾತೇ ಇಲ್ಲ. ನಾಳೆ ನೀನೊಂದು ಬೋರ್ಡು ಬರೆಸಿ ನೇತು ಹಾಕಿದರೆ ನೀನೂ ಮೆರೈನ್ ಸರ್ವೇಯರ್. ಸಿಂಗಾಪುರದಲ್ಲಿ ಕೂತ ಹಡಗಿನವನಿಗೆ ನಾನು ಬೋರ್ಡು ಬರೆಸಿದವನಲ್ಲ ಎಂದು ಹೇಗೆ ಗೊತ್ತಾಗಬೇಕು?’ ಎಂದರು. ಆಗ ಅರ್ಥವಾದದ್ದು ಅರ್ಧ.

ಲೈಸೆನ್ಸ್ ಬಂದ ಮರುವರ್ಷ, 2022ರ ಜೂನಿನಲ್ಲಿ ಉಳ್ಳಾಲದ ಬಟ್ಟಪಾಡಿ ಹತ್ತಿರ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಉಕ್ಕಿನ ಕಾಯಿಲುಗಳ ಸಮೇತ ಕೂತುಬಿಟ್ಟಿತು. ಸಿರಿಯಾದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಪಾರು ಮಾಡಿತು. ನಮ್ಮೂರಿಂದ ಜನ ಜೀಪು ಮಾಡಿಕೊಂಡು ನೋಡಲು ಹೋದರು. ಪೇಟೆಯಲ್ಲಿ ನನ್ನ ಬೆಲೆ ಒಂದು ವಾರ ಏರಿತ್ತು, ‘ಇದು ನಿನಗೇ ಅಲ್ವಾ?’ ಎಂದು. ಆ ಹಡಗಿನ ಒಂದು ಮೊಳೆಯ ಸರ್ವೆಯೂ ನನಗೆ ಸಿಗಲಿಲ್ಲ, ಸಿಗುವಂಥದ್ದೂ ಆಗಿರಲಿಲ್ಲ. ಆ ವಾರ ನಾನು ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಒದ್ದೆಯಾದ ಗೇರುಬೀಜದ ಗೋಣಿಗಳನ್ನು ಎಣಿಸುತ್ತಿದ್ದೆ.

ಗೇರುಬೀಜವೇ ನನ್ನ ಹೊಟ್ಟೆಪಾಡು ಎಂದರೂ ಸರಿ. ನಮ್ಮ ಕರಾವಳಿಯ ಫ್ಯಾಕ್ಟರಿಗಳಿಗೆ ಊರಿನ ಬೆಳೆ ಸಾಲದೆ ಆಫ್ರಿಕಾದಿಂದ ಕಂಟೇನರುಗಳಲ್ಲಿ ಬೀಜ ಬರುತ್ತದೆ. ಗೋಣಿಗೆ 80 ಕಿಲೋ. ಸ್ಯಾಂಪಲ್ ತೆಗೆದು, ಕಿಲೋಗೆ ಎಷ್ಟು ಬೀಜ ಎಂದು ಎಣಿಸಿ, ಒಂದೊಂದನ್ನೂ ಸೀಳಿ, ಒಳ್ಳೆಯ ತಿರುಳು ಬೇರೆ, ಚುಕ್ಕಿ ಬಿದ್ದದ್ದು ಬೇರೆ, ಹಾಳು ಬೇರೆ ಮಾಡಿ ತೂಗುತ್ತೇವೆ. ಚುಕ್ಕಿಯದಕ್ಕೆ ಅರ್ಧ ಬೆಲೆ. ಕಿಲೋ ಬೀಜಕ್ಕೆ 272 ಗ್ರಾಂ ತಿರುಳು ಕೂಡಿದರೆ ಔಟ್‌ಟರ್ನ್ 48, ಅಂದರೆ ಗೋಣಿಗೆ 48 ಪೌಂಡ್. ಪೌಂಡನ್ನು ಬ್ರಿಟಿಷರು ಬಿಟ್ಟು ಹೋದರೂ ಬೀಜದ ವ್ಯಾಪಾರ ಬಿಟ್ಟಿಲ್ಲ. ಒಂದೆರಡು ಪೌಂಡ್ ಇಳಿದರೆ ಸಣ್ಣ ಫ್ಯಾಕ್ಟರಿಯವರ ವರ್ಷದ ಲಾಭ ಹೋದಂತೆ.

ಬೀಜ ಒದ್ದೆಯಾಗಿದ್ದರೆ ಒಂದೇ ಪ್ರಶ್ನೆ: ಎಲ್ಲಿಯ ನೀರು? ಕಂಟೇನರಿನ ತೂತಿನಿಂದ ಒಳಗೆ ನುಗ್ಗಿದ ಕಡಲ ನೀರಾದರೆ ಪಾಲಿಸಿ ಕೊಡುತ್ತದೆ. ಬೀಜವನ್ನು ಸರಿಯಾಗಿ ಒಣಗಿಸದೆ ತುಂಬಿ, ಅದರದ್ದೇ ತೇವ ಆವಿಯಾಗಿ ಮಾಡಿಗೆ ತಾಗಿ ಹನಿಯಾಗಿ ಬಿದ್ದದ್ದಾದರೆ ಅದು ಸರಕಿನ ಹುಟ್ಟುಗುಣ; ಎಲ್ಲ ಅಪಾಯಕ್ಕೂ ಉಂಟು ಎನ್ನುವ ‘ಎ’ ಷರತ್ತಿನ ಪಾಲಿಸಿಯಲ್ಲೂ ಅದಕ್ಕೆ ಇಲ್ಲ. ಪತ್ತೆ ಮಾಡಲು ನಮ್ಮ ಚೀಲದಲ್ಲಿ ಒಂದು ಕಂದು ಬಾಟಲಿ ಇರುತ್ತದೆ, ಸಿಲ್ವರ್ ನೈಟ್ರೇಟ್. ಒದ್ದೆ ಜಾಗಕ್ಕೆ ಎರಡು ಹನಿ. ಉಪ್ಪು ಇದ್ದರೆ ಗಂಜಿ ತಿಳಿಯ ಹಾಗೆ ಬೆಳ್ಳಗಾಗುತ್ತದೆ. ಕಂಟೇನರಿನೊಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡರೆ ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಕಾಣುತ್ತದೆ. ಮೊದಲ ಸಲ ಹಾಗೆ ನಿಂತಾಗ ಹೊರಗಿನ ಹುಡುಗರು ಬೇಕೆಂದೇ ಐದು ನಿಮಿಷ ಬಾಗಿಲು ತೆಗೆಯಲಿಲ್ಲ.

ಬೈಕಂಪಾಡಿಯ ಆ ಗೋಣಿಗಳದ್ದೇ ನನ್ನ ಮೊದಲ ಕಿರಿಕಿರಿ. ರಿಪೋರ್ಟ್ ಕೊಟ್ಟ ಮೇಲೆ ಇನ್ಶೂರೆನ್ಸ್ ಕಂಪೆನಿಯೊಂದರ ಕಚೇರಿಯಿಂದ ಇನ್ನೊಂದು ವಿವರಣೆ ಕೇಳಿದರು, ಕೊಟ್ಟೆ. ಮತ್ತೆ ಕೇಳಿದರು. ಮೂರನೆಯ ಸಲ ಪತ್ರ ಇಲ್ಲ, ಫೋನು: ‘ಅಷ್ಟು ಬರ್ಲಿಕ್ಕಿಲ್ಲ, ಸ್ವಲ್ಪ ನೋಡಿ ಇಳಿಸಿ, ನಾವು ನೀವು ಇನ್ನೂ ಕೆಲಸ ಮಾಡ್ಬೇಕಲ್ಲ.’ ಬೆದರಿಕೆ ಅಲ್ಲ, ಬಹಳ ಆತ್ಮೀಯ ಧ್ವನಿ. ಗುರುಗಳು ಆಗ ಆಸ್ಪತ್ರೆಯಲ್ಲಿದ್ದರು, ಕೇಳುವ ಹಾಗಿರಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ಸರ್ವೇಯರುಗಳ ಒಂದು ಸಭೆಗೆ ಎರ್ನಾಕುಲಕ್ಕೆ ಹೋಗಿದ್ದೆ. ನನ್ನ ವಿಳಾಸ ಕೇರಳದ್ದು, ಕೆಲಸ ಕರ್ನಾಟಕದ್ದು, ಸಭೆಯಲ್ಲಿ ನಡೆಯುವ ಹರಟೆ ಮಲಯಾಳದಲ್ಲಿ. ಊಟದ ಹೊತ್ತಿಗೆ ನಾನು ಮೂಲೆಯಲ್ಲಿ ನಿಂತು ಅವಿಯಲು ತಿನ್ನುತ್ತಿದ್ದೆ. ಬಿಳಿ ಗಡ್ಡದ ಒಬ್ಬರು ಕ್ಯಾಪ್ಟನ್ ತಟ್ಟೆ ಹಿಡಿದು ಬಂದು, ‘ಕಾಸರಗೋಡಾ? ಅಲ್ಲಿ ಮೆರೈನಿಗೆ ಒಬ್ಬನೇಯಾ?’ ಎಂದು ಕೇಳಿ ನಂಬರ್ ಬರೆದುಕೊಟ್ಟಿದ್ದರು. ಆ ನಂಬರಿಗೆ ಫೋನ್ ಮಾಡಿದೆ.

ಅವರು ಎಲ್ಲ ಕೇಳಿ, ‘ಎಷ್ಟನೇ ಸಲ ಕೇಳಿದ್ದು?’ ಎಂದರು. ಮೂರನೇದು ಅಂದೆ. ‘ಹೆಚ್ಚುವರಿ ರಿಪೋರ್ಟ್ ಕೇಳುವ ಅವಕಾಶ ಒಂದೇ ಸಲ ಅಂತ ನಿಯಮದಲ್ಲಿ ಬರೆದಿದೆ. ನೀನು ಎರಡನೇದಕ್ಕೇ ಉತ್ತರ ಕೊಡಬೇಕಾಗಿರಲಿಲ್ಲ. ಕೋಪದಲ್ಲಿ ಬರೆಯಬೇಡ, ನಿಯಮದ ನಂಬರ್ ಹಾಕಿ ನಾಲ್ಕು ಸಾಲು ಬರೆ. ಬೇಕಾದರೆ ಡ್ರಾಫ್ಟ್ ನನಗೆ ಕಳಿಸು, ಇಲ್ಲಿ ನಾವು ಇಬ್ಬರು ಮೂವರು ನೋಡ್ತೇವೆ.’ ಕಳಿಸಿದೆ. ನನ್ನ ಒಂದೂವರೆ ಪುಟವನ್ನು ಅವರು ಐದು ಸಾಲಿಗೆ ಇಳಿಸಿ ಕಳಿಸಿದರು. ‘ಸತ್ಯ’, ‘ನ್ಯಾಯ’, ‘ನನ್ನ ಆತ್ಮಸಾಕ್ಷಿ’ ಎಂಬುದೆಲ್ಲ ಹಾರಿ ಹೋಗಿತ್ತು. ಪತ್ರ ಹೋಯಿತು. ರಿಪೋರ್ಟ್ ಇದ್ದ ಹಾಗೇ ನಿಂತಿತು. ಆ ಕಚೇರಿಯಿಂದ ಎಂಟು ತಿಂಗಳು ನನಗೆ ಒಂದೂ ಕೆಲಸ ಬರಲಿಲ್ಲ, ಹಳೆಯ ಎರಡು ಬಿಲ್ಲು ತಡವಾಗಿ ಬಂದವು. ಅದಕ್ಕೆ ಯಾವ ಸಂಘವೂ ಏನೂ ಮಾಡಲಾರದು. ಮನೆಯಲ್ಲಿ ಕಾಳುಮೆಣಸು ಇತ್ತು, ನಡೆಯಿತು.

ಭಾವನ ಕಂಟೇನರು ಬಂದದ್ದು 2023ರ ಜುಲೈಯಲ್ಲಿ.

ಬೇರೊಂದು ಕಂಪೆನಿಯಿಂದ ಬೆಳಿಗ್ಗೆ ಮೈಲ್. ಒಂದು ಇಪ್ಪತ್ತಡಿ ಕಂಟೇನರು, ಸುಮಾರು 200 ಗೋಣಿ, 16 ಟನ್, ಬಾಗಿಲ ಹತ್ತಿರದ ಗೋಣಿಗಳು ಒದ್ದೆ. ಸರಕಿನವರ ಹೆಸರು ಯಾವುದೋ ಟ್ರೇಡರ್ಸ್, ಗುರುತಿಲ್ಲ. ಬದಿಯಡ್ಕದಿಂದ ಒಳಗೆ ಗೋದಾಮು. ಮಳೆ ಹೊಯ್ಯುತ್ತಿತ್ತು. ಬೈಕ್ ನಿಲ್ಲಿಸಿ ರೈನ್‌ಕೋಟ್ ಬಿಚ್ಚುವಾಗ ಗೋದಾಮಿನ ಮಾಡಿನ ಅಡಿಯಿಂದ ಮುಂಡು ಎತ್ತಿ ಕಟ್ಟಿಕೊಂಡು ಓಡಿ ಬಂದವರು ನನ್ನ ಅಕ್ಕನ ಗಂಡ.

‘ಓ, ನೀನಾ! ದೇವರೇ ಕಳಿಸಿದ ಹಾಗಾಯ್ತು ಮಾರಾಯ.’

ಭಾವನದ್ದು ಸಣ್ಣ ಬೀಜದ ಫ್ಯಾಕ್ಟರಿ. ಆ ವರ್ಷ ಇನ್ನಿಬ್ಬರ ಜೊತೆ ಪಾಲು ಸೇರಿ ನೇರ ತರಿಸಿದ್ದು ನನಗೆ ಗೊತ್ತಿರಲಿಲ್ಲ. ಅಕ್ಕನ ಬಳೆ ಬ್ಯಾಂಕಿನಲ್ಲಿದ್ದದ್ದು ಮಾತ್ರ ಗೊತ್ತಿತ್ತು. ಅವರು ನನ್ನ ಚೀಲ ತೆಗೆದುಕೊಂಡು ‘ಬಾ, ಚಾ ಕುಡಿದು ನೋಡು, ಆತುರ ಇಲ್ಲ’ ಎನ್ನುತ್ತಿದ್ದರು. ನಾನು ಒಳಗೆ ಕಾಲಿಡಲಿಲ್ಲ. ‘ಭಾವ, ಒಂದು ಫೋನ್ ಮಾಡಿ ಬರ್ತೇನೆ’ ಎಂದು ಮಳೆಯಲ್ಲೇ ಆಚೆ ಹೋದೆ. ಸರಕಿನಲ್ಲಿ ತನಗಾಗಲಿ ತನ್ನ ಸಂಬಂಧಿಕರಿಗಾಗಲಿ ಪಾಲು ಇದ್ದರೆ ಸರ್ವೇಯರ್ ತಿಳಿಸಬೇಕು ಎಂಬುದು ನಮ್ಮ ಕರ್ತವ್ಯಗಳ ಪಟ್ಟಿಯಲ್ಲಿ ಮೊದಲ ಸಾಲುಗಳಲ್ಲೇ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೂ ಫೋನ್ ಮಾಡಿದ್ದು ಕಂಪೆನಿಗಲ್ಲ, ಕ್ಯಾಪ್ಟನ್‌ಗೆ. ಯಾರಾದರೂ ‘ಅಷ್ಟೇನೂ ದೊಡ್ಡದಲ್ಲ, ಮಾಡಿ ಮುಗಿಸು’ ಎಂದು ಹೇಳಲಿ ಎಂಬ ಆಸೆ ಒಳಗೆ ಇತ್ತು ಎಂದು ಕಾಣುತ್ತದೆ.

‘ಸೀಲ್ ಮುಟ್ಟಿದ್ದೀಯಾ?’

‘ಇಲ್ಲ.’

‘ಫೋಟೊ?’

‘ಇಲ್ಲ ಸಾರ್.’

‘ಒಳ್ಳೇದಾಯ್ತು. ನಿಂತಲ್ಲಿಂದಲೇ ಕಂಪೆನಿಗೆ ಮೈಲ್ ಹಾಕು. ಸಂಬಂಧ ಏನು ಅಂತ ಬರೆ, ಸಾರಿ ಗೀರಿ ಬೇಡ. ಬೀಜ ಕಾಯುವುದಿಲ್ಲ, ಬಿಸಿಯಾಗ್ತದೆ. ಇವತ್ತೇ ಬೇರೆಯವರನ್ನು ಹಾಕಬೇಕು ಅಂತಲೂ ಬರೆ. ಕಣ್ಣೂರಿನಲ್ಲಿ ನಮ್ಮ ಸದಸ್ಯರು ಇದ್ದಾರೆ, ಆ ಹೆಸರು ನಾನು ಕಂಪೆನಿಯವರಿಗೆ ಹೇಳ್ತೇನೆ, ನೀನು ಹೇಳಬೇಡ. ನೀನು ಸೂಚಿಸಿದ ಹಾಗೂ ಆಗಬಾರದು.’

ಆ ಕಡೆಯ ಮಾತು ನನಗೆ ಹೊಳೆದಿರಲಿಲ್ಲ.

ಮೈಲ್ ಹಾಕಿ ಬಂದು ಭಾವನಿಗೆ ಹೇಳಿದೆ. ಅವರು ಮೊದಲು ನಕ್ಕರು. ‘ನಾನು ನಿನಗೆ ಸುಳ್ಳು ಬರೆ ಅಂತ ಹೇಳಿದ್ದೇನಾ?’ ಇಲ್ಲ. ‘ಮತ್ತೆ?’ ಆ ‘ಮತ್ತೆ’ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರೇ ಬರಲಿ, ನಷ್ಟ ಹೆಚ್ಚದಂತೆ ನೋಡುವುದು ಸರಕಿನವರ ಕರ್ತವ್ಯ ಎಂದು ಕಾಯ್ದೆಯಲ್ಲೇ ಇದೆ. ಹಡಗಿನ ಕಂಪೆನಿಗೆ ಮೂರು ದಿನದ ಒಳಗೆ ನಷ್ಟದ ನೋಟಿಸ್ ಕೊಡಬೇಕು. ಇಷ್ಟನ್ನು ಯಾರಿಗಾದರೂ ಹೇಳುವ ಹಾಗೆ ಅವರಿಗೂ ಹೇಳಿ ಹೊರಟೆ. ಚಾ ಹಾಗೇ ಉಳಿಯಿತು.

ಕಣ್ಣೂರಿನವರು ಮರುದಿನ ಬೆಳಿಗ್ಗೆ ಬಂದರು, ನಾನು ಅವರನ್ನು ನೋಡಲಿಲ್ಲ. ಆಮೇಲೆ ಭಾವನ ಪಾಲುದಾರರೊಬ್ಬರು ರಿಪೋರ್ಟಿನ ಪ್ರತಿ ತೋರಿಸಿದರು. ಸೊಗಸಾದ ಕೆಲಸ. ಬಾಗಿಲಿನ ರಬ್ಬರ್ ಹರಿದ ಜಾಗದ ಕೆಳಗಿನ 31 ಗೋಣಿಗಳಲ್ಲಿ ಬಿಳಿ ಬಂದಿತ್ತು. ಅವಕ್ಕೆ ಪೂರ್ತಿ. ಮೇಲಿನ ಸಾಲುಗಳಲ್ಲಿ ಅದಕ್ಕಿಂತ ಹೆಚ್ಚು ಗೋಣಿ ಬೂಸರು ಹಿಡಿದಿದ್ದವು, ಅಲ್ಲಿ ಹನಿ ಹಾಕಿದರೆ ನೀರು ನೀರಾಗಿಯೇ ಉಳಿದಿತ್ತು. ತೇವಾಂಶದ ಅಂಕಿ ಎದುರಿಗೇ ಬರೆದಿತ್ತು. ಅವಕ್ಕೆ ಸೊನ್ನೆ.

ಅಕ್ಕನ ಮನೆಗೆ ಚೌತಿಗೆ ಹೋದಾಗ ಭಾವ ಊಟದ ಎಲೆ ಮುಂದೆ ಕೂತು ಯಾರ ಮುಖವನ್ನೂ ನೋಡದೆ ಹೇಳಿದರು: ‘ನೀನು ಮಾಡಿದ್ದರೆ ಎಲ್ಲ ಬಿಳಿ ಆಗ್ತಿತ್ತು.’

ಅಕ್ಕ ಪಾಯಸ ಬಡಿಸುತ್ತಿದ್ದವಳು ಒಂದು ಕ್ಷಣ ನಿಂತು ಮುಂದೆ ಹೋದಳು.

ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ್ದರೆ ಬಿಳಿ ಆಗುತ್ತಿತ್ತೇ? ರಸಾಯನ ಸುಳ್ಳು ಹೇಳುವುದಿಲ್ಲ, ನಿಜ. ಆದರೆ 200 ಗೋಣಿಗಳಲ್ಲಿ ಯಾವುದರಿಂದ ಸ್ಯಾಂಪಲ್ ತೆಗೆಯುವುದು ಎಂಬುದನ್ನು ರಸಾಯನ ಹೇಳುವುದಿಲ್ಲ, ಕೈ ಹೇಳುತ್ತದೆ. ಅಕ್ಕನ ಬಳೆ ನೆನಪಿರುವ ಕೈ ಮೇಲಿನ ಸಾಲಿಗೆ ಎಷ್ಟು ಸಲ ಹೋಗುತ್ತಿತ್ತೋ, ಬಾಗಿಲ ಬುಡಕ್ಕೆ ಎಷ್ಟು ಸಲ ಬರುತ್ತಿತ್ತೋ. ಸರ್ವೇಯರಿನ ರಿಪೋರ್ಟ್ ಮುಖ್ಯವಾದದ್ದೇ, ಆದರೆ ಅದೇ ಕಡೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಭಾವನಿಗೆ ಅದನ್ನೂ ಹೇಳಬಹುದಿತ್ತು, ಬೇಕಾದರೆ ಗ್ರಾಹಕರ ಆಯೋಗಕ್ಕೆ ಹೋಗಿ ಎಂದು. ಆ ಎಲೆಯ ಮುಂದೆ ಬಾಯಿ ಬರಲಿಲ್ಲ.

ಎರಡು ವರ್ಷ ನಮ್ಮ ಮಾತು ‘ಬಂದ್ಯಾ’, ‘ಹೊರಟ್ಯಾ’ ಅಷ್ಟಕ್ಕೆ ನಿಂತಿತ್ತು. ನಡುವೆ ನನ್ನ ಲೈಸೆನ್ಸ್ ನವೀಕರಣವಾಯಿತು. ಎರ್ನಾಕುಲದ ಸಭೆಗಳಿಗೆ ಈಗ ಹೋಗುತ್ತೇನೆ. ಕಳೆದ ಸಲ ಕಂಟೇನರಿನ ಬೆವರಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡು ಎಂದರು, ಮಾತಾಡಿದೆ, ಪ್ರಾಸ್ತಾವಿಕ ಇಲ್ಲದೆ.

2025ರ ಮೇ 25ರಂದು ಕೊಚ್ಚಿಯ ಆಚೆ ಕಡಲಿನಲ್ಲಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. 640 ಕಂಟೇನರು. ಟೀವಿಯಲ್ಲಿ ಕೊಲ್ಲಂ, ಆಲಪ್ಪುಳದ ಬದಿಗೆ ಬಂದು ಬಿದ್ದ ಪೆಟ್ಟಿಗೆಗಳನ್ನು ತೋರಿಸುತ್ತಿದ್ದರು. ಅದರ ಮಾರನೇ ರಾತ್ರಿ ಒಂಬತ್ತಕ್ಕೆ ಭಾವನ ಫೋನು.

‘ನಮ್ಮದು ಅದರಲ್ಲಿ ಇರ್ಲಿಲ್ಲ.’

‘ಹೌದಾ. ಒಳ್ಳೇದಾಯ್ತು.’

ಸ್ವಲ್ಪ ಹೊತ್ತು ಆಚೆಯಿಂದ ಮಳೆಯ ಸದ್ದು ಮಾತ್ರ.

‘ಬೇರೆ ಹಡಗಿನಲ್ಲಿ ಎರಡು ಬರ್ಲಿಕ್ಕುಂಟು. ಪಾಲಿಸಿ ತೆಗೆದಿದ್ದೇನೆ. ಎ ಅಂತ ಉಂಟೋ ಸಿ ಅಂತ ಉಂಟೋ, ಅಕ್ಷರ ಸಣ್ಣದು, ನನಗೆ ಕಾಣುದಿಲ್ಲ.’

‘ಫೋಟೊ ತೆಗೆದು ಕಳಿಸಿ ಭಾವ, ಓದಿ ಹೇಳ್ತೇನೆ. ಆದರೆ ನಾಳೆ ಏನಾದರೂ ಆದರೆ ನಾನು…’

‘ಗೊತ್ತುಂಟು ಮಾರಾಯ, ಗೊತ್ತುಂಟು. ಓದಿ ಹೇಳು ಅಂದದ್ದು.’

ಹಿಂದಿನಿಂದ ಅಕ್ಕ ಏನೋ ಹೇಳಿದ್ದು ಕೇಳಿತು. ಐದು ನಿಮಿಷದಲ್ಲಿ ಹನ್ನೊಂದು ಫೋಟೊ ಬಂದವು, ನಾಲ್ಕು ತಲೆಕೆಳಗಾಗಿ. ಏಳನೆಯದರಲ್ಲಿ ಸಿಕ್ಕಿತು. ಸಿ. ಹಡಗು ಮುಳುಗುವುದು, ಬೆಂಕಿಯಂಥ ದೊಡ್ಡ ಅವಘಡಕ್ಕಷ್ಟೇ ಉಂಟು ಎನ್ನುವುದು. ‘ನಾಳೆ ಬೆಳಿಗ್ಗೆಯೇ ಹೋಗಿ ಎ ಮಾಡಿಸಿ’ ಎಂದು ಟೈಪ್ ಮಾಡಿ ಕಳಿಸಿದೆ.